ಹಿತ್ತಲ ಗಾಡಿಯ ಕಟಕಟ

ಹಿತ್ತಲ ಗಾಡಿಗೆ ಸದ್ದಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಅವರು ಹೇಳಿದ್ದು ಗಿಡದ ವಿಷಯ, ಮದ್ದಿನ ವಿಷಯ ಎಂದು ತಕರಾರು ತೆಗೆಯುವವರು ಕತೆ ಮುಗಿಯುವವರೆಗೆ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಇದು ಕಣ್ಣಾರೆ ಕಂಡ, ಅದಕ್ಕಿಂತ ಹೆಚ್ಚಾಗಿ ಕಿವಿಯಾರೆ ಕೇಳಿದ ಸತ್ಯಕತೆ.

ಗಡಿಯಾರ ರಿಪೇರಿಯವನಿಗೆ ಒಂದು ಮೋಟಾರ್ ಸೈಕಲ್ ಬೇಕಿತ್ತು. ಬೇಕಿತ್ತು ಎಂದರೆ ಸಾಲದು, ಅದು ಅವನ ಕನಸಿನಲ್ಲಿ ಆಗಲೇ ಓಡುತ್ತಿತ್ತು. ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಕೈಗಡಿಯಾರದ ಪುಟ್ಟ ಚಕ್ರಗಳು ಮೆಲ್ಲಗೆ ದೊಡ್ಡವಾಗುತ್ತಿದ್ದವು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅವನು ಮಂಜಿನಲ್ಲಿ ಕರಗುವ ಯಾವುದೋ ರಸ್ತೆಯ ಮೇಲೆ ತೇಲುತ್ತಿದ್ದ. ಗಿರಾಕಿ ಕೆಮ್ಮಿದರೆ ಹಾರ್ನೆಂದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

ತೊಂದರೆಯೆಲ್ಲ ಅವನ ಕಿವಿಯದು. ಪಕ್ಕದ ಮನೆಯ ಗಡಿಯಾರ ಹಿಂದೆ ಬಿದ್ದದ್ದನ್ನು ಗೋಡೆಯ ಈಚೆಯಿಂದಲೇ ಹೇಳುತ್ತೇನೆಂಬ ಹೆಮ್ಮೆ. ನೋಡಿದ ಹಳೆ ಗಾಡಿಗಳಲ್ಲೆಲ್ಲ ಒಂದಲ್ಲ ಒಂದು ಸದ್ದು ಕೇಳಿ ಬರಿಗೈಲಿ ಬರುತ್ತಿದ್ದ. ಆ ದಿನ ಆಫೀಸಿಗೆ ಹೊರಟ ಹೆಂಡತಿ ಹೊಸ್ತಿಲಲ್ಲೇ ತೀರ್ಪು ಕೊಟ್ಟಳು.

“ರೀ, ಇವತ್ತೇ ಕೊನೆ. ಇವತ್ತೂ ಗಾಡಿ ಬರ್ಲಿಲ್ಲ ಅಂದ್ರೆ ಬಟ್ಟೆ ಒಗೆಯೋ ಮಷೀನು ಬರತ್ತೆ. ಆಮೇಲೆ ಅದರ ಮೇಲೇ ಕೂತ್ಕೊಂಡು ಊರು ಸುತ್ತಿ.”

ಅವನು ಹೆಂಡತಿಯ ತಮ್ಮನನ್ನು ಕರೆದುಕೊಂಡು ಹೊರಟ. ಗಾಡಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ಆ ಮಾದರಿಗೆ ಒಂದು ಹುಟ್ಟುರೋಗವಿತ್ತು, ಊರಿಗೆಲ್ಲ ಗೊತ್ತಿದ್ದದ್ದು: ಎಂಜಿನ್ನಿನೊಳಗಿನ ಟೈಮಿಂಗ್ ಚೈನು ಸಡಿಲವಾಗುವುದು. ಸಡಿಲವಾಗಿದ್ದರೆ ತಣ್ಣಗಿರುವ ಎಂಜಿನ್ನು ಚಾಲೂ ಆದೊಡನೆ, ಡಬ್ಬಿಯಲ್ಲಿ ಬೋಲ್ಟು ಕುಲುಕಿದ ಹಾಗೆ ಕಟಕಟ ಎನ್ನುತ್ತದೆ. ಬಿಸಿಯಾಯಿತೋ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಗಪ್‌ಚಿಪ್.

“ಟೈಮಿಂಗ್ ಅಂದ್ರೆ ನನ್ನ ಕಸುಬು ಕಣೋ. ನನ್ನ ಕಿವಿಗೆ ಟೋಪಿ ಹಾಕೋಕಾಗಲ್ಲ,” ಎಂದ ಗಡಿಯಾರದವನು.

“ಟೋಪಿ ತಲೆಗೆ ಹಾಕೋದು ಭಾವ,” ಎಂದ ಭಾವಮೈದ, ವಿನಯದಿಂದ.

ಈ ವಿನಯದ ಹಿಂದೆ ಒಂದು ಕಿತಾಪತಿ ಇತ್ತು. ಬೀದಿಯ ದರ್ಜಿಗೆ ‘ರೇಡಿಯೋ’ ಎಂದು ಅಡ್ಡಹೆಸರು. ಕುಕ್ಕರಿನ ಸೀಟಿ, ಬಾಗಿಲ ಕಿರುಗುಟ್ಟು, ಮೇಷ್ಟ್ರ ಕೆಮ್ಮು ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಕಿಕ್ ಬಿದ್ದೊಡನೆ ಮೇಷ್ಟ್ರ ಹಿತ್ತಲ ಗೋಡೆಯ ಹಿಂದಿನಿಂದ ಕಟಕಟ ಅನ್ನಬೇಕೆಂದು ಭಾವಮೈದ ಅವನನ್ನು ಮುಂಚೆಯೇ ಅಲ್ಲಿ ಬಚ್ಚಿಟ್ಟಿದ್ದ.

ಹಿತ್ತಲಲ್ಲಿ ಎಳೆಬಿಸಿಲು ಹೊಗೆಯ ಹಾಗೆ ಹರಡಿತ್ತು. ಅದರ ನಡುವೆ ನೀಲಿ ಗಾಡಿ, ಈಗಷ್ಟೇ ನಿದ್ದೆಯಿಂದ ಎದ್ದಂತೆ ಒಂದು ಬದಿಗೆ ವಾಲಿ ನಿಂತಿತ್ತು. ಗಡಿಯಾರದವನು ಹತ್ತಿರ ಹೋದ. ಎಂಜಿನ್ನಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು, ನದಿಯಲ್ಲಿ ಮುಳುಗಿದ್ದ ಕಲ್ಲಿನಂತೆ.

“ಒಂದ್ಸಲ ಕೊಟ್ಟ ಮೇಲೆ ವಾಪಸ್ಸಿಲ್ಲಪ್ಪ,” ಎಂದರು ಮೇಷ್ಟ್ರು. “ನನ್ನ ಕಿವಿ ಅಷ್ಟಕ್ಕಷ್ಟೆ. ಸದ್ದು ಬರತ್ತೋ ಇಲ್ವೋ ನೀನೇ ನೋಡ್ಕೋ.”

ಕಿಕ್ ಬಿತ್ತು. ಕಟಕಟಕಟಕಟ!

ಅವನ ಮಂಜಿನ ರಸ್ತೆ ಅಲ್ಲೇ ಕುಸಿಯಿತು. ಅದರ ಕೊನೆಯಲ್ಲಿ ಬಟ್ಟೆ ಒಗೆಯುವ ಮಷೀನೊಂದು ಬಾಯ್ತೆರೆದು ನಿಂತಿತ್ತು. ಎಂಜಿನ್ನು ಆರಿಸಿ, “ಬೇಡ ಮೇಷ್ಟ್ರೇ…” ಎಂದ. ಅಷ್ಟರಲ್ಲಿ ಭಾವಮೈದ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

“ಭಾವಾ, ನಿಮ್ಮ ಮುಖ ನೋಡ್ಕೋಬೇಕಿತ್ತು! ಏ ರೇಡಿಯೋ, ಬಾರೋ ಈಚೆಗೆ!”

ಗೋಡೆಯ ಮೇಲೆ ರೇಡಿಯೋನ ತಲೆ ಮೂಡಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಕ್ಕಪಕ್ಕದ ಕಿಟಕಿಗಳೆಲ್ಲ ಚಪ್ಪಾಳೆ ತಟ್ಟಿದವು. “ಅಬ್ಬಬ್ಬಾ, ಥೇಟ್ ಎಂಜಿನ್ನು!” ಎಂದಳು ಮೇಲ್ಮನೆಯ ಅಜ್ಜಿ. ರೇಡಿಯೋ ಬಾಯಿ ಮುಚ್ಚಿ, ಎದೆ ಮೇಲೆ ಕೈಯಿಟ್ಟು ತಲೆಬಾಗಿದ.

“ನಿನ್ನ ನಾಲಿಗೆ ಸೀದುಹೋಗ! ಪ್ರಾಣಾನೇ ಹೋಗಿತ್ತಲ್ಲೋ,” ಎಂದು ಗಡಿಯಾರದವನು ಮತ್ತೆ ಕಿಕ್ ಹೊಡೆದ. ಈ ಸಲ ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು, ಒಂದೇ ಒಂದು ಕಟ ಇಲ್ಲ. ಮೊದಲ ಕಿಕ್ಕಿಗೇ ಅದರ ಮೈ ಬೆಚ್ಚಗಾಗಿದೆಯೆಂಬ ಯೋಚನೆ ಅವನ ತಲೆಯ ಬಾಗಿಲಿಗೆ ಬಂತು. ಒಳಗೆ ಕನಸು ಕೂತಿದ್ದರಿಂದ ಜಾಗ ಸಿಗದೆ ಹಿಂದಿರುಗಿತು. ಅಲ್ಲೇ ವ್ಯಾಪಾರ ಮುಗಿದುಹೋಯಿತು.

ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ ಅವನು ಅಂಗಡಿಗೆ ಹೋದ. ದಿನವಿಡೀ ರಿಪೇರಿಗೆ ಬಂದ ಗಡಿಯಾರಗಳೆಲ್ಲ ಅವನ ಕೈಯಲ್ಲಿ ಗುರುಗುಟ್ಟಿದವು.

ಸಂಜೆ ಹೆಂಡತಿ ಬಂದಳು. ಗಾಡಿಯ ಸೀಟನ್ನು ಸೆರಗಿನಿಂದ ಒರೆಸಿದಳು, ಯಾರೂ ನೋಡುತ್ತಿಲ್ಲವೆಂದುಕೊಂಡು ಒಮ್ಮೆ ಸವರಿದಳು ಕೂಡ. ಭಾವಮೈದ ರೇಡಿಯೋನನ್ನು ಕರೆತಂದಿದ್ದ. ಅವಳು ಅವರಿಬ್ಬರಿಗೂ ಚಹಾ ಕೊಟ್ಟಳು. ಅಂಗಡಿ ಮುಚ್ಚಿ ಬಂದ ಗಡಿಯಾರದವನು ಬೆಳಗಿನ ಪ್ರಸಂಗವನ್ನು ಅಭಿನಯ ಸಮೇತ ಹೇಳಿ, “ಏ ರೇಡಿಯೋ, ಇವಳಿಗೂ ತೋರಿಸೋ ಆ ಆಟ!” ಎನ್ನುತ್ತಲೇ ಕಿಕ್ ಒತ್ತಿದ.

ಕಟಕಟಕಟಕಟ!

“ನೋಡ್ದ್ಯಾ! ಹೇಗ್ಮಾಡ್ತಾನೆ ನೋಡು! ನಾನು ನಂಬಿಬಿಟ್ಟಿದ್ದೆ ಕಣೇ!” ಗಡಿಯಾರದವನ ಕಣ್ಣಲ್ಲಿ ನಗೆಯ ನೀರು.

ಹೆಂಡತಿ ರೇಡಿಯೋನತ್ತ ತಿರುಗಿದಳು. ಅವನ ತುಟಿಗೆ ಲೋಟ ಅಂಟಿಕೊಂಡಿತ್ತು, ಎರಡೂ ಕೆನ್ನೆಗಳಲ್ಲಿ ಚಹಾ ತುಂಬಿತ್ತು. ಕಟಕಟ ನಿಂತಿರಲಿಲ್ಲ.

ರೇಡಿಯೋ ಗುಟುಕು ನುಂಗಿದ. “ಅಕ್ಕಾ… ಇದು ನಾನಲ್ಲ. ಬೆಳಗ್ಗೆಯೂ ನಾನಲ್ಲ. ನಾನಿನ್ನೂ ಉಸಿರು ಎಳ್ಕೊಳ್ತಿದ್ದೆ, ಅಷ್ಟರಲ್ಲಿ ಅದೇ ಶುರು ಮಾಡ್ಬಿಡ್ತು. ಹೇಳೋಣ ಅಂದ್ರೆ ಎಲ್ರೂ ಚಪ್ಪಾಳೆ ಹೊಡೆದ್ರು. ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರ್ಲಿಲ್ಲ ಅಕ್ಕಾ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ.”

ಭಾವಮೈದನ ನಗು ಅರ್ಧದಲ್ಲೇ ಕೆಟ್ಟು ನಿಂತಿತು. ಹೆಂಡತಿ ಗಂಡನ ಮುಖ ನೋಡಿದಳು.

ಗಡಿಯಾರದವನು ಗಾಡಿಯ ಟ್ಯಾಂಕಿಗೆ ಫಟ್ಟನೆ ಬಡಿದ.

“ಅಯ್ಯೋ ಕಳ್ಳ! ಕೇಳಿದ್ಯೇನೇ? ತಪ್ಪೊಪ್ಕೊಳ್ಳೋರ ದನೀನೂ ಎಷ್ಟು ಚೆನ್ನಾಗ್ ಮಾಡ್ತಾನೆ!” ಎಂದವನೇ, ಎಂಜಿನ್ನಿನ ಕಟಕಟ ಯಾರಿಗೂ ಕೇಳಿಸದಷ್ಟು ಜೋರಾಗಿ ನಕ್ಕ.