ಬಾಗಿದ ಮರದ ಕೆಳಗಿನ ಜಾಗ

ತಪ್ಪೆಲ್ಲ ಒಂದು ಬಕೆಟ್ ಬೇಯಿಸಿದ ಮೆಕ್ಕೆಜೋಳದ್ದು. ಅದು ಅಡುಗೆಮನೆಯ ಮೂಲೆಯಲ್ಲಿ ಹುಳಿ ವಾಸನೆ ಬಿಡುತ್ತ ಕೂತಿದ್ದಕ್ಕೇ ಪ್ರೂಫ್ ರೀಡರನ ಹೆಂಡತಿ ಬೆಳಬೆಳಗ್ಗೆ ಆ ಮಾತಾಡಿದ್ದು.

"ಇವತ್ತೂ ಬರಿಗೈಲಿ ಬಂದ್ರೆ, ಚಿಕ್ಕ ರೂಮಲ್ಲಿರೋ ನಿಮ್ಮ ಗಾಳ, ಕೋಲು, ಬುಟ್ಟಿ ಎಲ್ಲಾ ಅಟ್ಟಕ್ಕೆ. ರೂಮು ಅಪ್ಪನಿಗೆ. ಹಾಲ್‌ನಲ್ಲಿ ಮಲಗಿ ಮಲಗಿ ಅವರ ಸೊಂಟ ಬಿದ್ದುಹೋಗಿದೆ."

"ಆಗ್ಲಿ ಬಿಡು. ಬರಿಗೈಲಿ ಬಂದ್ರೆ ತಾನೇ?" ಎಂದುಬಿಟ್ಟ.

ಅವನ ಧೈರ್ಯ ಸುಮ್ಮನೆ ಬಂದದ್ದಲ್ಲ. ಅವನು ಕೆಲಸ ಮಾಡುವ ಪ್ರೆಸ್ಸಿನವರು ವರ್ಷಕ್ಕೊಮ್ಮೆ ಕೆರೆಯಲ್ಲಿ ಮೀನು ಹಿಡಿಯುವ ಪಂದ್ಯ ಇಡುತ್ತಿದ್ದರು, ಅದು ಅಂದೇ ಇತ್ತು. ಅಲ್ಲಿ ಇವನ ಗಾಳಕ್ಕೆ ಇದುವರೆಗೆ ಪಾಚಿ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಪುಸ್ತಕ ಹೊಲಿಯುವ ಬೈಂಡರ್ ಅದನ್ನೇ ಹಿಡಿದುಕೊಂಡು ವರ್ಷವಿಡೀ ರೇಗಿಸುತ್ತಿದ್ದ. ಈ ಸಲ ಏನಾದರಾಗಲಿ, ಒಂದು ಗೆಂಡೆ ಮೀನು ಹಿಡಿದೇ ತೀರುತ್ತೇನೆಂದು ಇವನು ಹಠಕ್ಕೆ ಬಿದ್ದಿದ್ದ.

ಗೆಂಡೆ ಹೊಟ್ಟೆಬಾಕ ಮೀನು, ಆದರೆ ಮಹಾ ಅನುಮಾನದ್ದು. ಒಂದೇ ಜಾಗದಲ್ಲಿ ದಿನವೂ ಕಾಳು ಸಿಕ್ಕರೆ ಮಾತ್ರ ನಂಬಿ ಅಲ್ಲೇ ಠಿಕಾಣಿ ಹೂಡುತ್ತದೆ. ಅದಕ್ಕೇ ಇವನು ಕೆರೆಯ ಆಚೆ ತುದಿಯಲ್ಲಿ, ಬಾಗಿದ ಮರದ ಕೆಳಗೆ, ಯಾರೂ ಹೋಗದ ಜಾಗವೊಂದನ್ನು ಆರಿಸಿದ್ದ. ಮಾವನನ್ನು ಅಲ್ಲಿಗೆ ಕರೆದೊಯ್ದು ತೋರಿಸಿಯೂ ಇದ್ದ. ರಾತ್ರಿ ಜೋಳ ಬೇಯಿಸುವುದು ಇವನ ಕೆಲಸ. ಬೆಳಗ್ಗೆ ಪ್ರೆಸ್ಸಿಗೆ ಓಡಬೇಕಾದ್ದರಿಂದ, ವಾಕಿಂಗಿಗೆ ಹೋಗುವಾಗ ಬಕೆಟ್ ಒಯ್ಯುವುದು ಮಾವನ ಕೆಲಸ. ಮಾವ ಖಾಲಿ ಬಕೆಟ್ಟಿನೊಂದಿಗೆ ಅಂದಿನ ಪೇಪರನ್ನೂ ಪೂರ್ತಿ ಓದಿಕೊಂಡು ಬರುತ್ತಿದ್ದರು.

"ಹಾಕಿದ್ರಾ ಮಾವ?"

"ಒಂದು ಕಾಳೂ ಉಳಿಸಿಲ್ಲ ಅಳಿಯಂದ್ರೆ."

"ಯಾರ ಹತ್ರಾನೂ ಬಾಯಿ ಬಿಡಬೇಡಿ. ಬೈಂಡರ್ ಕಿವಿಗೆ ಬಿದ್ರೆ ಮುಗೀತು ಕತೆ."

ದಾರದ ಕತೆ ಇನ್ನೊಂದು. ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ, ತೆಳು ದಾರ ಮೀನಿನ ಭಾರಕ್ಕೆ ಹರಿಯುತ್ತದೆ. ಇವನು ಪ್ರೂಫ್ ನೋಡುವ ಭೂತಗನ್ನಡಿ ಹಿಡಿದು ಅಂಗಡಿಯ ದಾರದ ಸುರುಳಿಗಳನ್ನೆಲ್ಲ ಬೆಳಕಿಗೆ ಒಡ್ಡಿ ನೋಡಿದ. ಅಂಗಡಿಯವನು ಬಾಗಿಲು ಹಾಕಲು ಎದ್ದ ಮೇಲೆ ಕೆರೆನೀರಿನ ಬಣ್ಣದ್ದೇ ಒಂದು ತೆಳು ದಾರ ಆರಿಸಿದ. ಗಟ್ಟಿಯೋ ಅಲ್ಲವೋ ಎಂದು ಪರೀಕ್ಷಿಸಲು ಅದಕ್ಕೆ ನೀರು ತುಂಬಿದ ಬಕೆಟ್ ಕಟ್ಟಿ ಬಾಲ್ಕನಿಯಿಂದ ಇಳಿಬಿಟ್ಟ. ದಾರ ಹರಿಯಲಿಲ್ಲ. ಕಂಬಿಗೆ ಹಾಕಿದ ಗಂಟು ಬಿಚ್ಚಿಕೊಂಡಿತು. ಕೆಳಮನೆಯ ಟೀಚರ್ ಆಗತಾನೇ ತಲೆ ಒಣಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರು ಅಂದಿನಿಂದ ಇವನ ಜೊತೆ ಮಾತು ಬಿಟ್ಟರು, ಇವನು ದಾರ ಪಾಸಾಯಿತೆಂದು ಖುಷಿಪಟ್ಟ.

ಇಷ್ಟೆಲ್ಲ ಮಾಡಿಕೊಂಡು, ಕೈಬಲೆ ಹಿಡಿದ ಮಾವನೊಂದಿಗೆ ಕೆರೆಯ ಗೇಟು ದಾಟಿದರೆ, ಪ್ರೆಸ್ಸಿನ ಯಜಮಾನರು ಡಬ್ಬಿಯೊಂದನ್ನು ಕುಲುಕುತ್ತ ನಿಂತಿದ್ದರು.

"ಹೋದ ವರ್ಷ ಜಾಗಕ್ಕೆ ಕಿತ್ತಾಡಿದ್ರಲ್ಲ, ಈ ಸಲ ಚೀಟಿ. ಎತ್ತಿ."

ಇವನು ಎತ್ತಿದ ಚೀಟಿಗೆ ಗೇಟಿನ ಪಕ್ಕದ ಜಾಗ ಬಂತು. ಸೈಕಲ್ಲು, ಐಸ್‌ಕ್ರೀಮ್ ಗಾಡಿ, ಮಕ್ಕಳ ಗಲಾಟೆ, ಎಲ್ಲವೂ ಅಲ್ಲೇ. ಬಾಗಿದ ಮರ ಬೈಂಡರನ ಪಾಲಾಯಿತು.

"ಅಯ್ಯೋ, ಅಷ್ಟು ದೂರ ಯಾರು ಹೋಗ್ತಾರೆ," ಎಂದು ಬೈಂಡರ್ ತನ್ನ ದೊಡ್ಡ ಹೊಟ್ಟೆ ಸವರಿಕೊಂಡ.

"ನಾನು ಹೋಗ್ತೀನಿ," ಎಂದ ಇವನು, ಸ್ವಲ್ಪ ಬೇಗನೇ.

ಬೈಂಡರ್ ಇವನ ಮುಖ ನೋಡಿದ. ಹೊಟ್ಟೆ ಸವರುವುದು ನಿಂತಿತು. "ಯಾಕೆ ಪ್ರೂಫಣ್ಣ, ಅಲ್ಲೇನಿದೆ?"

"ಏನಿಲ್ಲ. ನೆರಳಿದೆ."

"ನೆರಳು ನನಗೂ ಇಷ್ಟಾನೇ."

ಮಾವ ಇವನ ತೋಳು ಹಿಡಿದೆಳೆದರು. "ಅಳಿಯಂದ್ರೆ, ಬಂದಿದ್ದು ಬಂದಿದೆ. ಇಲ್ಲೇ ಕೂತ್ಕೊಳ್ಳಿ."

"ಮಾವ, ನೀವು ಸುಮ್ನಿರಿ."

ಚೌಕಾಸಿ ಶುರುವಾಯಿತು. ಇವನು ಮಡಚುವ ಕುರ್ಚಿ ಕೊಟ್ಟ. ಬೈಂಡರ್ ತಲೆ ಅಲ್ಲಾಡಿಸಿದ. ಕೊಡೆ ಕೊಟ್ಟ, ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಕೊಟ್ಟ. ಬೈಂಡರ್ ಮುಚ್ಚಳ ತೆಗೆದು ನೋಡಿ ಪಕ್ಕಕ್ಕಿಟ್ಟುಕೊಂಡ, ಆದರೂ ಚೀಟಿ ಬಿಡಲಿಲ್ಲ.

"ಆ ಹೊಸ ದಾರ ಇದೆಯಲ್ಲ, ಅದನ್ನ ಕೊಡು. ನನ್ನ ದಪ್ಪ ದಾರ ನೀನು ತಗೋ."

ಇವನು ಸುರುಳಿಯನ್ನು ಎದೆಗವಚಿಕೊಂಡ.

"ಅಳಿಯಂದ್ರೆ, ನನ್ನ ಮಾತು ಕೇಳಿ, ಗೇಟಿನ ಹತ್ರಾನೂ ಮೀನು..." ಎಂದು ಮಾವ ಬಾಯಿ ತೆಗೆದರು. ಗುಟ್ಟು ಹೊರಬೀಳುತ್ತದೆಂದು ಹೆದರಿ ಇವನು ಅವರ ಕಾಲು ತುಳಿದ. ದಾರ ಎಷ್ಟಾದರೂ ಅಂಗಡಿಯಲ್ಲಿ ಸಿಗುತ್ತದೆ, ಪಳಗಿಸಿದ ಮೀನು ಸಿಗುತ್ತದೆಯೇ? ತನ್ನ ದಾರದ ಸುರುಳಿಯನ್ನೂ ಗೇಟಿನ ಚೀಟಿಯನ್ನೂ ಕೊಟ್ಟು, ಬೈಂಡರನ ದಪ್ಪ ದಾರವನ್ನೂ ಚೀಟಿಯನ್ನೂ ಕಿತ್ತುಕೊಂಡು, ಕೋಲು ಹೆಗಲಿಗೇರಿಸಿ ಹೊರಟೇಬಿಟ್ಟ. ಹಿಂದೆಯೇ ಬರುತ್ತಿದ್ದ ಮಾವ ನಾಲ್ಕು ಹೆಜ್ಜೆಗೆ ಮಂಡಿ ಹಿಡಿದುಕೊಂಡು ಗೇಟಿನ ಪಕ್ಕದ ಬೆಂಚಿನ ಮೇಲೆ ಕುಸಿದರು.

ಬಾಗಿದ ಮರದ ಕೆಳಗೆ ಇವನು ಹಸಿದ ಹೊಟ್ಟೆಯಲ್ಲಿ, ಕುರ್ಚಿಯಿಲ್ಲದೆ, ಬೇರಿನ ಮೇಲೆ ಕೂತ. ನೀರಲ್ಲಿ ತೇಲುತ್ತಿದ್ದ ಗಾಳದ ಬೆಂಡಿನಿಂದ ಕಣ್ಣು ಕೀಳಲಿಲ್ಲ. ಬೆಂಡಿನ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತು ನಿದ್ದೆ ಹೊಡೆಯಿತು. ಬರುತ್ತವೆ, ಬಂದೇ ಬರುತ್ತವೆ ಎಂದು ಹಲ್ಲು ಕಚ್ಚಿ ಕೂತ. ಬಿಸಿಲು ನೆತ್ತಿಯಿಂದ ಬೆನ್ನಿಗೆ ಇಳಿಯಿತು.

ಆಗ ಗೇಟಿನ ಕಡೆಯಿಂದ ಹೋ ಎಂಬ ಕೂಗು ಕೇಳಿತು. ಇವನು ಕೋಲು ಬಿಸಾಕಿ ಓಡಿದ. ಕುರ್ಚಿಯಲ್ಲಿ, ಕೊಡೆಯ ನೆರಳಲ್ಲಿ, ಬೈಂಡರ್ ಕೂತಿದ್ದ. ಅವನ ತೊಡೆಯ ಮೇಲೆ ಎಳೆಮಗುವಿನಷ್ಟು ದೊಡ್ಡ ಗೆಂಡೆ. ಕಾಲ ಬಳಿ ಇನ್ನೆರಡು ಒದ್ದಾಡುತ್ತಿದ್ದವು.

"ದಾರ ಅಂದ್ರೆ ಇದು ನೋಡು. ಎಷ್ಟು ಜಗ್ಗಿದ್ರೂ ಹರೀಲಿಲ್ಲ. ಯಾವ ಅಂಗಡೀಲಿ ತಗೊಂಡೆ?" ಎಂದ ಬೈಂಡರ್.

ಇವನು ಬೆಂಚಿನ ಬಳಿ ಹೋದ. ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು.

"ಮಾವ, ದಿನಾ ಜೋಳ ಎಲ್ಲಿ ಹಾಕ್ತಿದ್ರಿ?"

"ಕೆರೇಲೇ ಅಳಿಯಂದ್ರೆ."

"ಕೆರೇಲಿ ಎಲ್ಲಿ?"

ಪೇಪರು ನಿಧಾನಕ್ಕೆ ಇಳಿಯಿತು. "ನನ್ನ ಮಂಡಿಗೆ ಅಷ್ಟು ದೂರ ಆಗುತ್ತಾ? ಈ ಬೆಂಚಲ್ಲಿ ಕೂತು ಪೇಪರ್ ಓದ್ತಾ ಇಲ್ಲೇ ಎರಚ್ತಿದ್ದೆ. ನಿಮಗೆ ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ಸುಮ್ನಿರಿ ಅಂದ್ರಿ. ಕಾಲು ಬೇರೆ ತುಳಿದ್ರಿ."

ಇವನು ಬಿಸಾಕಿದ್ದ ಕೋಲು ತರಲು ಮತ್ತೆ ಬಾಗಿದ ಮರದ ಕಡೆ ನಡೆದ.

ಮನೆಯಲ್ಲಿ ಹೆಂಡತಿ ಇವನ ಖಾಲಿ ಕೈ ನೋಡಿದಳು, ಸಾಕಾಯಿತು. ಬೈಂಡರನ ದಪ್ಪ ದಾರದಿಂದಲೇ ಗಾಳ, ಕೋಲು, ಬುಟ್ಟಿಗಳನ್ನು ಒಟ್ಟಿಗೆ ಬಿಗಿದು, "ದಾರ ಗಟ್ಟಿಯಾಗಿದೆ ಕಣ್ರೀ" ಎಂದು ಮೆಚ್ಚಿಕೊಂಡು ಅಟ್ಟಕ್ಕೇರಿಸಿದಳು.

ಕೊಟ್ಟ ಮಾತು ಕೊಟ್ಟದ್ದೇ. ಇವನು ಮಾವನ ಮಂಚವನ್ನು ಒಬ್ಬನೇ ಎಳೆದು ಚಿಕ್ಕ ರೂಮಿನೊಳಗೆ ತಂದ. ಗಾಳಿ ಚೆನ್ನಾಗಿ ಬರಲೆಂದು ಆಚೆ ಗೋಡೆಯ ಕಿಟಕಿಯ ಕಡೆಗೆ ನೂಕುತ್ತಿದ್ದಾಗ ಮಾವ ಹೊಸ್ತಿಲಲ್ಲಿ ನಿಂತು ಮಂಡಿ ನೀವಿಕೊಂಡರು.

"ಅಷ್ಟು ದೂರ ಬೇಡ ಅಳಿಯಂದ್ರೆ. ಇಲ್ಲೇ, ಬಾಗಿಲ ಹತ್ರಾನೇ ಹಾಕಿಬಿಡಿ."