ಇಪ್ಪತ್ತೆರಡು ಡಿಗ್ರಿಯ ಮೆಟ್ಟಿಲಿಗಾಗಿ ಗೆರೆ ಉಪಕರಣಕ್ಕೊಂದು ಅಹವಾಲು

ಚಿತ್ರ ಬಿಡಿಸುವ ತಂತ್ರಾಂಶದ ಎಡಪಟ್ಟಿಯಲ್ಲಿ ವಿರಾಜಮಾನರಾದ, ಸರಳರೇಖಾ ಸಾರ್ವಭೌಮ, ಹದಿನೈದರ ಮಗ್ಗಿಯ ಏಕೈಕ ಆರಾಧಕ, ಗೆರೆ ಉಪಕರಣ ಮಹಾಶಯರ ಸನ್ನಿಧಾನಕ್ಕೆ:

ಮಾನ್ಯರೇ,

ಬಹುಪರಾಕ್, ಬಹುಪರಾಕ್. ತಮ್ಮ ಎರಡೂ ತುದಿಗಳು ಕ್ಷೇಮವೆಂದು ನಂಬಿದ್ದೇನೆ. ನಾನು ನಾಟಕ ತಂಡವೊಂದರ ರಂಗಸಜ್ಜಿಕೆಯವನು. ಪರದೆಯ ಹಿಂದೆ ಬಣ್ಣದ ಡಬ್ಬಿಗಳ ನಡುವೆ ಇಟ್ಟ ಕಂಪ್ಯೂಟರಿನಲ್ಲಿ ತಮ್ಮ ದರ್ಶನ ಪಡೆಯುವ ಬಡ ಭಕ್ತ.

ನಮ್ಮ ನಾಟಕದ ಕೊನೆಯ ದೃಶ್ಯದಲ್ಲಿ ಮಹಾರಾಣಿಯು ಅರಮನೆಯ ಮೆಟ್ಟಿಲಿಳಿದು ಮಹಾರಾಜನ ಬಳಿಗೆ ಬರಬೇಕು. ಮಹಾರಾಣಿ ಎಂದರೆ ನನ್ನ ಚಿಕ್ಕಮ್ಮ. ಅವರು ಧ್ವನಿ ಎತ್ತಿದರೆ ಹಿಂದಿನ ಸಾಲಿನಲ್ಲಿ ತೂಕಡಿಸುವವರೂ ನೆಟ್ಟಗಾಗುತ್ತಾರೆ. ಆದರೆ ಹತ್ತುವಾಗ ಸುಮ್ಮನಿರುವ ಅವರ ಮೊಣಕಾಲು ಇಳಿಯುವಾಗ ಮುಷ್ಕರ ಹೂಡುತ್ತದೆ. ಮೆಟ್ಟಿಲ ಸಾಲು ಮೂವತ್ತು ಡಿಗ್ರಿಗೆ ಏರಿದರೆ ಅವರು ಇಳಿಯಲಾರರು, ಹದಿನೈದಕ್ಕೆ ಮಲಗಿಸಿದರೆ ಕೊನೆಯ ಮೆಟ್ಟಿಲು ಪ್ರೇಕ್ಷಕರ ಮಡಿಲಲ್ಲಿರುತ್ತದೆ. ಬೇಕಾದದ್ದು ಇಪ್ಪತ್ತೆರಡು. ಮಹಾರಾಜನ ಕಿರೀಟವನ್ನೂ ತಾವೇ ಹೊತ್ತಿರುವ ನಿರ್ದೇಶಕರು, ಇಳಿಯಲಾಗದಿದ್ದರೆ ಪಾತ್ರ ತಮ್ಮ ನಾದಿನಿಗೆ ಎಂದು ಸಾರಿಬಿಟ್ಟಿದ್ದಾರೆ. "ಅವಳ ಕಾಲು ಗಟ್ಟಿ ನೋಡಿ" ಎಂಬುದೇ ಆಕೆಯ ಅಭಿನಯದ ಬಗ್ಗೆ ಅವರ ಸಂಪೂರ್ಣ ವಿಮರ್ಶೆ.

ಕೋನ ಅಲುಗಾಡದಿರಲೆಂದು ಶಿಫ್ಟ್ ಕೀಲಿ ಒತ್ತಿ ತಮ್ಮನ್ನು ಎಳೆದೆ. ಹದಿನೈದರಲ್ಲಿ ಕಾಲೂರಿ, ಮೂವತ್ತಕ್ಕೆ ಹಾರಿದಿರಿ. ಆಹಾ, ಏನು ನಿಷ್ಠೆ. ಕೀಲಿ ಬಿಟ್ಟರೆ ಇಪ್ಪತ್ತೊಂದೂಮುಕ್ಕಾಲು, ಇಪ್ಪತ್ತಮೂರು ಚಿಲ್ಲರೆ ಎಂದು ಹಗ್ಗದ ಮೇಲಿನ ದೊಂಬರಾಟ. ಕೊನೆಗೆ ಅಡ್ಡಗೆರೆ ಎಳೆದು, ಎಷ್ಟು ಡಿಗ್ರಿ ತಿರುಗಿಸಬೇಕೆಂದು ಕೇಳುವ ಚೌಕದಲ್ಲಿ ಇಪ್ಪತ್ತೆರಡು ಎಂದು ಬರೆದೆ. ತಾವು ಸೊಂಟದ ಮೇಲೆ ಗಿರಕಿ ಹೊಡೆದು, ಅರ್ಧ ಮೇಲೆ, ಅರ್ಧ ನೆಲದ ಕೆಳಗೆ ನಿಂತಿರಿ.

ನಮ್ಮ ಬಡಗಿಯಣ್ಣನ ಪದ್ಧತಿ ತಮಗೆ ತಿಳಿಯದು. ನಾನು ನಿಜ ಅಳತೆಯಲ್ಲಿ ಅಚ್ಚು ಹಾಕಿಸಿದ ಹಾಳೆಯನ್ನು ಹಲಗೆಗೆ ಅಂಟಿಸಿ, ಗೆರೆ ಹೋದತ್ತ ಗರಗಸ ಬಿಡುವವನು ಆತ. ಗಿರಕಿ ಹಾಳೆಯನ್ನು ನೋಡಿ, "ಏನ್ ಸ್ವಾಮಿ, ರಾಣಿ ಬರೋದು ಅರಮನೆಯಿಂದ್ಲೋ ಪಾತಾಳದಿಂದ್ಲೋ?" ಎಂದ. ನಾನು ತಮ್ಮನ್ನು ಮೇಲೆತ್ತಲು ಹೆಣಗುತ್ತಿದ್ದಾಗ, ಮೊದಲೇ ಅಚ್ಚಾಗಿ ಬಿದ್ದಿದ್ದ ಮೂವತ್ತರ ಹಾಳೆ ಎತ್ತಿಕೊಂಡು ಹೋಗಿ ಕೊಯ್ದೇಬಿಟ್ಟ. ಕೇಳಿದರೆ, "ಅದೊಂದೇ ನೆಟ್ಟಗಿತ್ತು" ಎನ್ನುತ್ತಾನೆ. ಹಲಗೆ ಮುಗಿದಿದೆ, ನಾಳೆ ತಾಲೀಮು.

ಆದ್ದರಿಂದ ಘನವೆತ್ತ ತಾವು ಹದಿನೈದು ಮತ್ತು ಮೂವತ್ತರ ನಡುವೆಯೂ ಸಂಖ್ಯೆಗಳು ವಾಸಿಸುತ್ತವೆಂದು ಒಮ್ಮೆ ಒಪ್ಪಿಕೊಳ್ಳಬೇಕು. ಕೊಯ್ದ ಹಲಗೆಯನ್ನು ಎಂಟು ಡಿಗ್ರಿ ಬಾಗಿಸಿಕೊಡಬೇಕು. ಅದೂ ಆಗದಿದ್ದರೆ ಕಂಪ್ಯೂಟರಿನ ಪರದೆಯಿಂದ ಖುದ್ದು ಹೊರಬಂದು, ಚಿಕ್ಕಮ್ಮನಿಗೆ ಊರುಗೋಲಾಗಿ ನಿಲ್ಲಬೇಕೆಂದು ಕೈಮುಗಿದು ಕೋರುವ,

ತಮ್ಮ ವಿಶ್ವಾಸಿ,
ಗೆರೆಗೆ ಸಿಕ್ಕಿದ ರಂಗಸಜ್ಜಿಕೆಯವನು

ವಿ.ಸೂ. (ಮರುದಿನ ಬರೆದದ್ದು): ಮೇಲಿನ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಇಂದಿನ ತಾಲೀಮಿನಲ್ಲಿ ಚಿಕ್ಕಮ್ಮ ಮೆಟ್ಟಿಲ ತುದಿಗೇರಿ, ಕೆಳಗೊಮ್ಮೆ ನೋಡಿ, "ನಾನ್ಯಾಕಪ್ಪ ಇಳೀಲಿ, ರಾಣಿ ನಾನು. ಬೇಕಾದೋರು ಹತ್ಕೊಂಡು ಬರ್ಲಿ" ಎಂದು ಅಲ್ಲೇ ಕುಳಿತುಬಿಟ್ಟರು. ಇಡೀ ತಂಡ ಚಪ್ಪಾಳೆ ತಟ್ಟಿತು, ನಾದಿನಿಯೂ ತಟ್ಟಿದಳು. ಮಹಾರಾಜರು ಕಿರೀಟ, ಹೊಟ್ಟೆ ಎರಡನ್ನೂ ಹೊತ್ತು ಹತ್ತಿದರು. ಪ್ರೇಮನಿವೇದನೆ ಕಂತುಕಂತಾಗಿ ಹೊರಬಿತ್ತು. ಆಮೇಲೆ ನನ್ನನ್ನು ಮೂಲೆಗೆ ಕರೆದು, ಇದನ್ನು ಸ್ವಲ್ಪ ತಗ್ಗಿಸಲಾಗದೇ ಎಂದು ಕೇಳಿದರು. ತಂತ್ರಾಂಶದಲ್ಲಿ ಮೂವತ್ತು ಬಿಟ್ಟರೆ ಮುಂದಿರುವುದು ನಲವತ್ತೈದೇ ಎಂದು ತಮ್ಮ ಹೆಸರಿನಲ್ಲಿ ತಿಳಿಸಿದೆ. ಎರಡನೇ ಸಲವೂ ಅವರೇ ಹತ್ತಿದರು.