ಬೀಗಿತ್ತಿಗಾಗಿ ಕಲಿತ ಸರ್ವನಾಮಗಳು

ಕಲಿಯುವುದಕ್ಕೆ ವಯಸ್ಸಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಅವರು ಐವತ್ತು ದಾಟಿದ ಮೇಲೆ ಏನನ್ನೂ ಕಲಿತಿರುವುದಿಲ್ಲ. ಕಲಿಯಿರಿ ಎಂದು ಊರಿಗೆಲ್ಲ ಹೇಳುತ್ತಾ ತಿರುಗುತ್ತಾರೆ, ಅಷ್ಟೆ. ನಾನು ಜಗಳೂರಿನಲ್ಲಿ ಕನ್ನಡ ಮೇಷ್ಟ್ರು. ಕುರಿ ಕಾಯ್ದವರ ಮನೆಯಲ್ಲಿ ಹುಟ್ಟಿ, ಹಾಸ್ಟೆಲಿನ ನೀರು ಸಾರು ಕುಡಿದು, ನಮ್ಮ ವಂಶಕ್ಕೇ ಮೊದಲು ಹೆಸರಿನ ಮುಂದೆ ಬಿ.ಎ. ಎಂದು ಬರೆಸಿಕೊಂಡವನು. ಸರ್ವನಾಮ ಎಂದರೇನು ಎಂದು ಸಾವಿರಾರು ಮಕ್ಕಳ ತಲೆಗೆ ತುಂಬಿದವನು. ಅಂಥವನು ಈ ಬೇಸಿಗೆಯಲ್ಲಿ ಫಿಲಿಪೀನ್ಸ್ ದೇಶದ ತಾಗಲಾಗ್ ಭಾಷೆಯ ಸರ್ವನಾಮಗಳನ್ನು ಬಾಯಿಪಾಠ ಮಾಡುತ್ತಾ ಬಚ್ಚಲಿನಲ್ಲಿ ಕೂತು ಕಾದ ನೀರನ್ನು ದಿನಾ ಆರಿಸಿಕೊಂಡೆ.

ಕಾರಣ ಸವಳಂಗದಲ್ಲಿರುವ ನನ್ನ ಅಕ್ಕನ ಮಗ ಮಂಜ. ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವನು ಅಲ್ಲೇ ನರ್ಸ್ ಆಗಿದ್ದ ಮರಿಸೆಲ್ ಎಂಬ ಫಿಲಿಪೀನ್ಸ್ ಹುಡುಗಿಯನ್ನು ಮೆಚ್ಚಿದ. ಹುಡುಗಿಯ ತಾಯಿ, ‘ಮನೆ ನೋಡದೆ, ಮನೆಯವರನ್ನು ಕಾಣದೆ ಹೂಂ ಅನ್ನುವುದಿಲ್ಲ’ ಎಂದು ಕೂತರು. ನ್ಯಾಯವೇ. ಆದರೆ ಅಕ್ಕ ನನಗೆ ಫೋನ್ ಮಾಡಿ ಅಳತೊಡಗಿದಳು. “ಅವರು ಒಲ್ಲೆ ಅಂದ್ರೆ ಇವನು ಮದುವೇನೇ ಆಗಾಕಿಲ್ಲ ಅಂತಾನೆ. ನಮ್ ಪೈಕಿ ಓದಿದೋರು ನೀವೊಬ್ರೇ. ನೀವೇ ಬಂದು ಮಾತಾಡಿಸ್ರಿ.”

ಸ್ವಂತ ತಮ್ಮನಿಗೆ ಬಹುವಚನವೇಕೆ ಎಂದು ನಿಮಗೆ ಅನ್ನಿಸಬಹುದು. ಅದು ಅವ್ವ ಶುರು ಮಾಡಿದ್ದು. ನನಗೆ ಕೆಲಸ ಸಿಕ್ಕ ಹೊಸತರಲ್ಲಿ ಅವ್ವ ರೊಟ್ಟಿ ಗಂಟು ಹಿಡಿದುಕೊಂಡು ಸ್ಕೂಲಿನ ಗೇಟಿಗೆ ಬಂದು, “ಏ ತಿಪ್ಪಾ, ಬಾರಲೇ ಇಲ್ಲಿ” ಎಂದು ಕೂಗಿದಳು. ಹೆಡ್‌ಮಾಸ್ತರು ಪಕ್ಕದಲ್ಲೇ ಇದ್ದರು. ನಾನು ಮುಖ ಸಿಂಡರಿಸಿದೆನಂತೆ, ನನಗೆ ನೆನಪಿಲ್ಲ. ಮಾರನೇ ದಿನದಿಂದ ಅವ್ವ, “ಉಣ್ಣಾಕೆ ಬರ್ರಿ” ಅನ್ನತೊಡಗಿದಳು. ಅವಳನ್ನು ನೋಡಿ ಅಕ್ಕನೂ. ಬೇಡ ಎಂದು ನಾನು ಹೇಳಲಿಲ್ಲ. ಸುಳ್ಳೇಕೆ, ಕಿವಿಗೆ ಹಿತವಾಗಿತ್ತು.

ಸರಿ, ಮರಿಸೆಲ್‌ಳಿಂದ ತಾಗಲಾಗ್ ಕಲಿತಿದ್ದ ಮಂಜ ಫೋನಿನಲ್ಲಿ ನನಗೆ ಗುರುವಾದ. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಮೂವತ್ತೈದಕ್ಕೆ ತೇಲಿದ ಗುರು. “ಮಾವ, ಅವ್ರಿಗೆ ಇಂಗ್ಲಿಷ್ ಚೆನ್ನಾಗಿ ಬರ್ತೈತೆ, ಇದೆಲ್ಲ ಯಾಕೆ?” ಅಂದ. “ಬೀಗರನ್ನ ಇಂಗ್ಲಿಷ್‌ನಾಗೆ ಮಾತಾಡಿಸ್ತಾರೇನೋ? ಕಲೆಕ್ಟರಿಗೂ ಯೂ, ಕತ್ತೆಗೂ ಯೂ. ಮರ್ಯಾದೆ ಇಲ್ಲದ ಭಾಷೆ” ಎಂದು ಬಾಯಿ ಮುಚ್ಚಿಸಿದೆ. ನನ್ನ ಇಂಗ್ಲಿಷ್ ಹೇಗಿದೆ ಎಂಬುದು ಇಲ್ಲಿ ಅಪ್ರಸ್ತುತ.

ತಾಗಲಾಗಿನ ಅವಸ್ಥೆ ಕೇಳಿ. ಅವನಿಗೂ ‘ಸಿಯಾ’, ಅವಳಿಗೂ ‘ಸಿಯಾ’. ಬಂದದ್ದು ಗಂಡೋ ಹೆಣ್ಣೋ ಹೇಳಲಾರದ ಭಾಷೆ ಕಟ್ಟಿಕೊಂಡು ಇವರು ಚಾಡಿ ಹೇಗೆ ಹೇಳುತ್ತಾರೆ? ‘ನಾನು’ ಎನ್ನುವುದಕ್ಕೆ ಒಂದು ಕಡೆ ‘ಅಕೋ’, ಇನ್ನೊಂದು ಕಡೆ ‘ಕೋ’, ಮತ್ತೊಂದು ಕಡೆ ‘ಆಕಿನ್’. ಒಬ್ಬ ಮನುಷ್ಯನಿಗೆ ಇಷ್ಟು ‘ನಾನು’ ಯಾಕೆ ಎಂದರೆ ಮಂಜ, “ನಮ್ಮಾಗೆ ನಾನು, ನನ್ನ, ನನಗೆ ಇಲ್ವಾ ಮಾವ?” ಎಂದು ನನಗೇ ಪಾಠ ಹೇಳಿದ. ಅಧಿಕಪ್ರಸಂಗಿ. ಅದೂ ಹೋಗಲಿ, ‘ನಾವು’ ಎರಡಂತೆ. ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ತಾಯೊ’, ಅವರನ್ನು ಬಿಟ್ಟರೆ ‘ಕಮೀ’. ಬಿಡುವುದಕ್ಕೆ ಬೇರೆ ಪದ ಬೇಕೇ? ನಮ್ಮ ಜಗಳೂರಿನಲ್ಲಿ “ನಾವು ಉಣ್ಣಾಕೆ ಹೊಂಟಿದ್ವಿ” ಅಂದಾಗ, ಆ ‘ನಾವು’ನಲ್ಲಿ ತಾನಿದ್ದೀನೋ ಇಲ್ಲವೋ ಎನ್ನುವುದು ಬಂದವನಿಗೆ ನಮ್ಮ ಮುಖ ನೋಡಿದರೇ ತಿಳಿಯುತ್ತದೆ. ತಿಳಿಯದವನಿಗೆ ಊಟ ಹಾಕಿಯೇ ಕಳಿಸಬೇಕು.

ಇಡೀ ಭಾಷೆಯಲ್ಲಿ ನನಗೆ ಸರಿ ಕಂಡದ್ದು ಒಂದೇ: ದೊಡ್ಡವರು ಒಬ್ಬರೇ ಇದ್ದರೂ ‘ನೀವು’ ಎಂದು ಬಹುವಚನ, ಅದೇ ‘ಕಾಯೊ’. ಜೊತೆಗೆ ‘ಪೊ’ ಎಂದು ಒಂದು ಗೌರವದ ಬಾಲ, ನಮ್ಮ ‘ರೀ’ ಇದ್ದಂತೆ. ‘ತುಲೋಯ್ ಪೊ ಕಾಯೊ’, ಅಂದರೆ ‘ದಯಮಾಡಿ ಒಳಗೆ ಬನ್ನಿ’. ಇದನ್ನು ಮೂರು ವಾರ ಉರು ಹೊಡೆದೆ.

ಬೀಗಿತ್ತಿ ಬರುವ ದಿನ ಅವ್ವನನ್ನು ಕರೆದುಕೊಂಡು, ದಾವಣಗೆರೆ, ಹೊನ್ನಾಳಿ, ನ್ಯಾಮತಿ ಎಂದು ಬಸ್ಸು ಬದಲಿಸುತ್ತಾ ಸವಳಂಗ ಸೇರಿದೆ. ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತೆ. ಕಾರಿನಿಂದ ಮಂಜ, ಮರಿಸೆಲ್, ಆಮೇಲೆ ಅವಳ ತಾಯಿ ಇಳಿದರು. ಗುಂಡಗಿನ, ನಗುಮುಖದ ಹೆಂಗಸು. ನಾನು ಕೈಮುಗಿದು ಗಂಟಲು ಸರಿಮಾಡಿಕೊಂಡು ವಾಕ್ಯವನ್ನು ಒಪ್ಪಿಸಿದೆ. ಆಕೆ ಕಣ್ಣರಳಿಸಿ ತಾಗಲಾಗಿನಲ್ಲಿ ಏನೇನೋ ಸುರಿದರು. ನನಗೆ ಒಂದಕ್ಷರ ಹತ್ತಲಿಲ್ಲ. ಕೇಳುವುದನ್ನು ನಾನು ಕಲಿತಿರಲಿಲ್ಲ. ಮೇಷ್ಟ್ರುಗಳಿಗೆ ಅದರ ಅಭ್ಯಾಸ ಕಡಿಮೆ.

ಅಷ್ಟರಲ್ಲಿ ಅವ್ವ ಕಾಲಿಗೆ ನೀರು ಕೊಡಲು ಚೊಂಬು ತಂದಳು. ಬೀಗಿತ್ತಿ ಚೊಂಬನ್ನು ಕೆಳಗಿಡಿಸಿ, ಬಗ್ಗಿ, ಅವ್ವನ ಒದ್ದೆ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡರು. ಅವರ ಕಡೆ ಹಿರಿಯರಿಗೆ ನಮಸ್ಕಾರ ಮಾಡುವ ಕ್ರಮ ಅದಂತೆ. ಯಾರೂ ಅರ್ಥ ಹೇಳುವ ಮೊದಲೇ ಅವ್ವ ಇನ್ನೊಂದು ಕೈಯನ್ನು ಆಕೆಯ ತಲೆ ಮೇಲಿಟ್ಟು, “ತಣ್ಣಗಿರು ನನ್ನವ್ವ. ಬಾ ಒಳಗೆ, ಬಿಸಿಲಾಗೆ ಬಂದೀಯ” ಅಂದಳು. ಅರ್ಧ ಗಂಟೆಯಲ್ಲಿ ಇಬ್ಬರೂ ಮೊರದ ಆಚೀಚೆ ಕೂತು ಶೇಂಗಾ ಸುಲಿಯುತ್ತಿದ್ದರು. “ಏ ತಿನ್ನೇ, ಬರೇ ಸುಲೀತೀಯಲ್ಲ” ಎಂದು ಅವ್ವ ಗದರಿದರೆ ಆಕೆ ಬಾಯಿ ತುಂಬ ನಕ್ಕು ತಿನ್ನುತ್ತಿದ್ದರು. ನನ್ನನ್ನು ಮಾತ್ರ ಕುರ್ಚಿಯಲ್ಲಿ ಕೂರಿಸಿದ್ದರು.

ಸಂಜೆ ಆಕೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಂಜ ನಮಗೆ ತಿಳಿಸಿದ: “ಅಜ್ಜಿ ಒಪ್ಪಿದ್ರೆ ಅವ್ರದ್ದೂ ಒಪ್ಪಿಗೆ ಅಂತೆ.” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಜ ನನ್ನ ಕಡೆ ನೋಡಿ ಹಲ್ಲು ಕಿರಿದ. “ಇನ್ನೊಂದು ಕೇಳ್ತಿದಾರೆ ಮಾವ. ಅಜ್ಜಿ ಎಲ್ರನ್ನೂ ಗದರಿಸ್ತೈತೆ, ಪಕ್ಕದಾಗೇ ಕೂರಿಸ್ಕೊಳ್ತೈತೆ. ಕುರ್ಚಿ ಮೇಲಿರೋ ಆ ಸಾಹೇಬ್ರು ಮಾತ್ರ ಯಾರು, ನೆಂಟ್ರಾ ಅಂತ.”

“ಅಯ್ಯೋ, ನನ್ ಹೊಟ್ಟೇಲಿ ಹುಟ್ಟಿದ ಮಗ ಅನ್ನೋ,” ಅಂದಳು ಅವ್ವ. “ಓದಿದಾರೆ, ಅದಕ್ಕೆ.”

ಮಾರನೇ ದಿನ ನಾನೂ ಅವ್ವನೂ ವಾಪಸ್ ಹೊರಟ ಬಸ್ಸು ನ್ಯಾಮತಿ ದಾಟಿತು. ಆಮೇಲೆ, “ಅವ್ವಾ, ಇನ್ನು ಮೇಲೆ ನನ್ನನ್ನ ಬಾರಲೇ ಅಂತಾನೇ ಕರಿ” ಅಂದೆ. ಅವ್ವ ಗಾಬರಿಯಾಗಿ ಬಸ್ಸಿನಲ್ಲಿ ಹಿಂದೆ ಮುಂದೆ ನೋಡಿದಳು.

“ಮೆಲ್ಲಗೆ ಮಾತಾಡ್ರಿ, ಜನ ಕೇಳಿಸ್ಕೊಂಡಾರು” ಅಂದು, ಎದ್ದು ನಿಂತು ಜಾಗ ಬಿಟ್ಟಳು. “ಸೆಕೆಗೆ ಹಿಂಗಾಡ್ತೀರಿ. ಕಿಟಕಿ ಕಡೆ ಕುಂತ್ಕಳ್ರಿ, ನಿಮಗೆ ಗಾಳಿ ಬರ್ಲಿ.”

ಕುಂತೆ. ಗಾಳಿ ಚೆನ್ನಾಗಿ ಬಂತು.